ಫೋಟೋದಲ್ಲಿದ್ದ ಕಪ್ಪು ಕೂದಲು

ಸಾಯುವವರಿಗೆ ಹೊತ್ತುಗೊತ್ತು ಇರುವುದಿಲ್ಲ, ನಿಜ. ಆದರೂ ಮುನಿವೆಂಕಟಯ್ಯನವರು ಇನ್ನೆರಡು ವಾರ ತಡೆದಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದು ಗೋಕುಲನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಸಿಟ್ಟು ಇಳಿಯಲಿಲ್ಲ. ಚಿಕ್ಕಬಾಣಾವರದ ಈ ದೊಡ್ಡಪ್ಪ ಅವನ ತಂದೆಯ ದಾಯಾದಿ. ಯಾವುದೋ ಬೇಲಿ ಜಗಳದಲ್ಲಿ ಮಾತು ಬಿಟ್ಟವರು ಬದುಕಿರುವತನಕ ಇವರ ಮನೆಯ ಹೊಸ್ತಿಲು ತುಳಿಯಲಿಲ್ಲ. ಸತ್ತ ಮೇಲೆ ಸೂತಕವನ್ನು ಮಾತ್ರ ಮರೆಯದೆ ಕಳಿಸಿಕೊಟ್ಟಿದ್ದರು.

ಸೂತಕವೆಂದರೆ ತಲೆಗೆ ಎಣ್ಣೆ ಇಲ್ಲ, ಗಡ್ಡ ತೆಗೆಯುವಂತಿಲ್ಲ. ಬಣ್ಣದ ಮಾತಂತೂ ಎತ್ತುವಂತೆಯೇ ಇಲ್ಲ. ಗೋಕುಲನಾದರೋ ತಿಂಗಳಿಗೊಮ್ಮೆ ತಪ್ಪದೆ ಆರ್.ಟಿ. ನಗರದ ವಹಾಬನ ಸಲೂನಿಗೆ ಹೋಗಿ ತಲೆ ಕಪ್ಪು ಮಾಡಿಸಿಕೊಂಡು ಬರುವವನು. ಅಬ್ಬಿಗೆರೆಯಲ್ಲೇ ಬೀದಿಗೊಂದು ಸಲೂನು ಇದ್ದರೂ ಅಷ್ಟು ದೂರ ಹೋಗುತ್ತಿದ್ದುದು ಊರವರ ಕಣ್ಣು ತಪ್ಪಿಸಲು. ಊರಿಗೆಲ್ಲ ಗೊತ್ತಿತ್ತು ಎನ್ನುವುದು ಬೇರೆ ವಿಷಯ. ಆ ತಿಂಗಳ ಸರದಿ ಬರುವ ಹೊತ್ತಿಗೆ ಸರಿಯಾಗಿ ಸಾವಿನ ಸುದ್ದಿ ಬಂತು. ಕೂದಲಿನ ಬುಡದಲ್ಲಿ ಬಿಳಿ ಇಣುಕಿತು. ಆಮೇಲೆ ತಿಥಿಯ ದಿನ ಕೆರೆ ದಂಡೆಯಲ್ಲಿ ದಾಯಾದಿ ಗಂಡಸರನ್ನೆಲ್ಲ ಸಾಲಾಗಿ ಕೂರಿಸಿ ಕ್ಷೌರ ಮಾಡಿಸಿದರು. ಕ್ಷೌರದವನು ಮೆಷಿನ್ ಹಿಡಿದು ಎಲ್ಲರಿಗೂ ಒಂದೇ ಅಳತೆಯಲ್ಲಿ ಎಳೆದುಬಿಟ್ಟ. ತುದಿಯಲ್ಲಿ ಉಳಿದಿದ್ದ ಅಷ್ಟಿಷ್ಟು ಕಪ್ಪೂ ಅಲ್ಲೇ ನೆಲಕ್ಕೆ ಬಿತ್ತು. ಮನೆಗೆ ಬಂದು ಕನ್ನಡಿ ನೋಡಿಕೊಂಡ ಗೋಕುಲನಿಗೆ ತೀರಿಹೋದ ತನ್ನ ಅಪ್ಪನೇ ಎದುರಿಗೆ ನಿಂತ ಹಾಗಾಯಿತು. ಅವನಿಗೆ ಆಗ ನಲವತ್ತೆರಡು.

ತಿಥಿ ಆದದ್ದು ಸೋಮವಾರ. ಯಲಹಂಕದಲ್ಲಿ ಹೆಣ್ಣು ನೋಡಲು ಹೋಗಬೇಕಾದದ್ದು ಬುಧವಾರ ಬೆಳಿಗ್ಗೆ. ನಡುವೆ ಹಾಳು ಮಂಗಳವಾರ. ಮಂಗಳವಾರ ವಹಾಬನ ಸಲೂನಿಗೆ ರಜೆ. ಮನೆಗಾದರೂ ಬಂದು ಹಚ್ಚಿಕೊಡು ಮಾರಾಯ ಎಂದು ಕೇಳೋಣವೆಂದು ಫೋನ್ ಮಾಡಿದರೆ ಅವನು ಮಗಳ ಮನೆಗೆಂದು ಕೋಲಾರದ ಬಸ್ಸಿನಲ್ಲಿ ಕೂತಿದ್ದ. ಕೊನೆಗೆ ಗೋಕುಲನೇ ಬಣ್ಣದ ಪುಡಿಯ ಪ್ಯಾಕೆಟ್ ತಂದುಕೊಂಡು ಬಚ್ಚಲಿಗೆ ಹೊರಟ. ತಾಯಿ ದೊಡ್ಡಮುನಿಯಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಮಂಗ್ಳವಾರ ತಲೆ ಮುಟ್ಟಂಗಿಲ್ಲ ಕಣಪ್ಪ. ನಿಮ್ಮಪ್ಪ ಒಂದಿನಾನೂ ಇಂಗೆ ಮಾಡ್ದೋರಲ್ಲ."

ಅಪ್ಪನಿಗೆ ಮೀಸೆ ಚಿಗುರುವ ಮೊದಲೇ ಮದುವೆಯಾಗಿತ್ತಲ್ಲ ಎಂಬ ಮಾತು ಗೋಕುಲನ ನಾಲಿಗೆಯ ತುದಿಯವರೆಗೂ ಬಂತು. ನುಂಗಿಕೊಂಡ.

ಇತ್ತ ಮದುವೆ ದಲ್ಲಾಳಿ ಪಿಳ್ಳಣ್ಣನ ಫೋನ್ ನಿಂತದ್ದೇ ಇಲ್ಲ. ಹೆಣ್ಣಿನ ಕಡೆಗೆ ಹೋದ ಫೋಟೋದಲ್ಲಿ ಹುಡುಗನ ಕೂದಲು ಕಾಡಿಗೆಯ ಹಾಗಿದೆ, ಬಂದವನ ತಲೆ ಬೆಳ್ಳಗಿದ್ದರೆ ಬಾಗಿಲಲ್ಲೇ ಯಾರ್ರೀ ನೀವು ಅಂತಾರೆ ಎಂದು ಅವನ ವಾದ. ಆ ಫೋಟೋ ತೆಗೆಸಿದ್ದೂ ಅವನೇ, ಬಣ್ಣ ಹಚ್ಚಿದ ಮಾರನೆಯ ದಿನ, ಯಶವಂತಪುರದ ಸ್ಟುಡಿಯೋದಲ್ಲಿ, ಮುಖಕ್ಕೆ ಎರಡೆರಡು ದೀಪ ಬಿಟ್ಟು. ಗೋಕುಲನಿಗೆ ರೇಗುತ್ತಿದ್ದುದು ಇದಕ್ಕೇ. ಅವನು ಅಬ್ಬಿಗೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನು. ಸುಟ್ಟುಹೋದ ಬೋರ್‌ವೆಲ್ ಮೋಟಾರಿಗೆ ಮೇಲೆ ಪೇಂಟ್ ಹೊಡೆದು ಕೊಟ್ಟರೆ ಗಿರಾಕಿ ಕಪಾಳಕ್ಕೆ ಬಾರಿಸುತ್ತಾನೆ. ಮದುವೆಯ ವಿಷಯದಲ್ಲಿ ಮಾತ್ರ ಪೇಂಟ್ ಹೊಡೆಯದಿದ್ದರೆ ಬಾರಿಸುತ್ತಾರೆ.

ಪೇಂಟ್ ಹೊಡೆದೂ ಏನು ಸುಖ ಕಂಡಿದ್ದ? ನೆಲಮಂಗಲದ ಕಡೆ ಒಂದು ಹೆಣ್ಣು ನೋಡಲು ಹೋದಾಗ ಕರೆಂಟ್ ಹೋಗಿ, ಬೆವರು ಕಿತ್ತು, ಕೆನ್ನೆಯ ಮೇಲಿಂದ ಕರಿ ಗೆರೆಯೊಂದು ಇಳಿದು ಬಿಳಿ ಅಂಗಿಯ ಕಾಲರಿಗೆ ಹತ್ತಿತ್ತು. ಹುಡುಗಿಯ ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಬಣ್ಣವಿಲ್ಲದೆ ಹೋದ ಇನ್ನೊಂದು ಕಡೆ ಹೆಣ್ಣಿನ ತಂದೆ ಇವನ ಕೈ ಹಿಡಿದು ಕೂರಿಸಿ, ಹುಡುಗ ಹಿಂದೆ ಬರ್ತಿದಾನಾ ಎಂದು ವಿಚಾರಿಸಿದ್ದರು. ಇದೆಲ್ಲ ಸಾಕೋ ಸಾಕು ಎಂದು ಅವನು ಎಂದೋ ಕೈಚೆಲ್ಲಿದ್ದ. ಆದರೆ ಯಲಹಂಕದ ಈ ಸಂಯುಕ್ತಾ ಎಂಬವಳ ಫೋಟೋ ಮೊಬೈಲಿಗೆ ಬಂದಾಗಿನಿಂದ ಅವನಿಗೆ ಮತ್ತೆ ಆಸೆ ಹುಟ್ಟಿತ್ತು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮೂವತ್ತೆಂಟರ ಹೆಣ್ಣು. ಕ್ಯಾಮರಾ ನೋಡದೆ ಪಕ್ಕದಲ್ಲಿ ಯಾರಿಗೋ ಏನೋ ಹೇಳುತ್ತಾ ನಗುತ್ತಿದ್ದಳು. ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಾ ಸುತ್ತುತ್ತಾ ಗೋಕುಲ ಆ ಫೋಟೋವನ್ನು ತೆಗೆದು ತೆಗೆದು ನೋಡುತ್ತಿದ್ದ. ಇವಳು ಬೇಕಿತ್ತು ಅವನಿಗೆ. ಅದಕ್ಕೇ ಈ ಸಲ ಇಷ್ಟು ಸಂಕಟ.

ಬುಧವಾರ ಬೆಳಗಾಗುತ್ತಲೇ ಪುಡಿಯನ್ನು ನೀರಿನಲ್ಲಿ ಕಲಸಿ, ಬ್ರಷ್ ಅದ್ದಿಕೊಂಡು ಕನ್ನಡಿಯ ಮುಂದೆ ನಿಂತ. ಮೂಗಿಗೆ ಆ ವಾಸನೆ ಬಡಿಯುತ್ತಲೇ ನೆಲಮಂಗಲದ ಕಾಲರು ನೆನಪಾಯಿತು. ಇಂದು ಹಚ್ಚಿದರೆ ನಿಶ್ಚಿತಾರ್ಥಕ್ಕೆ ಹಚ್ಚಬೇಕು, ಮದುವೆಗೆ ಹಚ್ಚಬೇಕು, ಆಮೇಲೆ ಒಂದೇ ಮನೆಯಲ್ಲಿ ಬಾಗಿಲು ಹಾಕಿಕೊಂಡು ತಿಂಗಳು ತಿಂಗಳೂ ಹಚ್ಚಬೇಕು. ಎಲ್ಲಿಯವರೆಗೆ? ಹೊರಗಿನಿಂದ ತಾಯಿ, ಇವತ್ತು ಹಚ್ಕಳಪ್ಪ, ಇವತ್ತು ತೊಂದ್ರೆ ಇಲ್ಲ ಎಂದು ಕೂಗಿದಳು. ಅದು ಕೇಳಿ ಅವನಿಗೆ ಎಲ್ಲಿತ್ತೋ ಸಿಟ್ಟು, ಬಟ್ಟಲನ್ನು ಬಚ್ಚಲಿಗೆ ಬೋರಲು ಹಾಕಿ ಒಂದು ಬಕೆಟ್ ನೀರು ಸುರಿದ. ಆಗುವುದಾದರೆ ಹೀಗೇ ಆಗಲಿ, ಇಲ್ಲವಾದರೆ ಪೀಡೆ ತೊಲಗಲಿ.

ಯಲಹಂಕದ ಮನೆಯಲ್ಲಿ ಗೋಕುಲ, ತಾಯಿ, ಪಿಳ್ಳಣ್ಣ ಮೂವರನ್ನೂ ಎದುರುಗೊಂಡದ್ದು ಸಂಯುಕ್ತಾಳ ಚಿಕ್ಕಮ್ಮ ಸರಳಾ. ತಂದೆ ತಾಯಿ ಇಲ್ಲದ ಹುಡುಗಿಯನ್ನು ಸಾಕಿದವರು ಅವರೇ. ಗೋಕುಲನ ತಲೆ ನೋಡಿ ಅವರ ನಗು ಅರ್ಧಕ್ಕೇ ನಿಂತಿತು. ಪಿಳ್ಳಣ್ಣ ಚಪ್ಪಲಿ ಬಿಡುವ ಮೊದಲೇ ಸೂತಕದ ಕಥೆ ಶುರುಮಾಡಿದ. ಸಂಯುಕ್ತಾ ಕಾಫಿಯ ತಟ್ಟೆ ಹಿಡಿದು ಬಂದಳು. ಕೂದಲು ಕಪ್ಪೆಂದರೆ ಕಪ್ಪು, ಹೊಸದಾಗಿ ಟಾರು ಹಾಕಿದ ರಸ್ತೆಯ ಹಾಗೆ. ಅವಳು ಬಗ್ಗಿ ಲೋಟ ಕೊಡುವಾಗ ಕಿವಿಯ ಮೇಲಂಚಿನಲ್ಲಿ ಕರಿ ಕಲೆಯೊಂದು ಗೋಕುಲನ ಕಣ್ಣಿಗೆ ಬಿತ್ತು. ಬೇರೆ ಯಾರಿಗೂ ಅದು ಕಂಡಿರಲಿಕ್ಕಿಲ್ಲ. ಎಷ್ಟು ಸೋಪು ಉಜ್ಜಿದರೂ ಹೋಗದ ಆ ಕಲೆಯನ್ನು ಅವನು ತನ್ನ ಕಿವಿಯ ಮೇಲೆ ವರ್ಷಗಟ್ಟಲೆ ಹೊತ್ತವನು.

ಇಬ್ಬರೂ ಮಾತಾಡಿಕೊಳ್ಳಲಿ ಎಂದು ದೊಡ್ಡವರು ಅವರನ್ನು ತಾರಸಿಗೆ ಕಳಿಸಿದರು. ನೀರಿನ ಟ್ಯಾಂಕಿನ ನೆರಳಲ್ಲಿ ನಿಂತು ಸಂಯುಕ್ತಾ ಕಿವಿಯ ಹಿಂದೆ ಕೆರೆದುಕೊಂಡಳು. ಅಲ್ಲೆಲ್ಲ ಕೆಂಪಗೆ ದದ್ದು ಎದ್ದಿತ್ತು.

"ಫೋಟೋದಲ್ಲಿ ನಿಮ್ ಕೂದ್ಲು ಕಪ್ಪಗಿತ್ತಲ್ವಾ?" ಎಂದು ಕೇಳಿದಳು.

ಗೋಕುಲ ದೊಡ್ಡಪ್ಪನ ಸಾವು, ಕೆರೆ ದಂಡೆಯ ಮೆಷಿನ್, ಮಂಗಳವಾರ ಎಲ್ಲವನ್ನೂ ಒದರಿದ. ಒದರುತ್ತಾ ಒದರುತ್ತಾ, ಹೋಂವರ್ಕ್ ಮಾಡದ ಹುಡುಗನ ಹಾಗೆ ಸಬೂಬು ಹೇಳುತ್ತಿದ್ದೇನಲ್ಲ ಎಂದು ತನಗೇ ಅಸಹ್ಯವಾಗಿ ನಿಲ್ಲಿಸಿದ.

"ಬಣ್ಣ ಹಾಕಿ ತೆಗ್ಸಿದ್ದು," ಎಂದ.

"ನಾನು ಬಣ್ಣ ಬಿಟ್ಟು ಎರಡ್ ವರ್ಷ ಆಗಿತ್ತು ಕಣ್ರೀ. ನಂಗದು ಆಗಲ್ಲ, ಮೈಗೆ ಒಗ್ಗಲ್ಲ. ನಿಮ್ ಫೋಟೋ ಬಂದ್ಮೇಲೆ ಚಿಕ್ಕಮ್ಮ, ಹುಡ್ಗಂದು ಇಷ್ಟ್ ಕಪ್ಪಗಿದೆ, ಪಕ್ಕದಲ್ಲಿ ನೀನ್ ನಿಂತ್ರೆ ಅವನ ಅಕ್ಕ ಅಂತಾರೆ ಅಂತ ನಿನ್ನೆ ಕೂರಿಸ್ಕೊಂಡು ಹಚ್ಚಿಬಿಟ್ರು. ಆಗ್ಲಿಂದ ಉರಿ, ಕಣ್ಣು ಮುಚ್ಚಿಲ್ಲ. ಬೆಳಿಗ್ಗೆ ನೋಡಿದ್ರೆ ನೀವು ಹಿಂಗ್ ಬಂದಿದೀರ."

ಅವಳ ದನಿಯಲ್ಲಿ ಅಳು ಇರಲಿಲ್ಲ, ಶುದ್ಧ ಸಿಟ್ಟಿತ್ತು. ಗೋಕುಲನಿಗೆ ಆ ಸಿಟ್ಟು ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ಅದು ತನ್ನೊಬ್ಬನದೇ ಎಂದುಕೊಂಡಿದ್ದ. ಊರೆಲ್ಲ ಸೇರಿ ತನ್ನ ತಲೆಗೆ ಬಣ್ಣ ಬಳಿಯುತ್ತಿದೆ ಎಂದು ಕುದಿಯುತ್ತಿದ್ದವನ ಒಂದು ಫೋಟೋ ಹೋಗಿ ಇನ್ನೊಬ್ಬರ ಕಿವಿ ಸುಟ್ಟಿತ್ತು. ತಪ್ಪಾಯಿತು ಎಂದ. ತಪ್ಪಾಯ್ತು ಅಂದರೆ ತುರಿಕೆ ನಿಲ್ಲುತ್ತದೆಯೇ ಎಂದಳು ಅವಳು. ಆಮೇಲೆ ಅವನ ತಲೆಯನ್ನೇ ನೋಡುತ್ತಾ ಕೇಳಿದಳು.

"ಮತ್ತೆ ಹಾಕ್ತೀರಾ?"

"ಇಲ್ಲ."

"ಇದನ್ನ ನಂಗೆ ಹೇಳಿ ಏನ್ ಪ್ರಯೋಜ್ನ. ಕೆಳಗೆ ಹೇಳಿ."

ಕೆಳಗೆ ಪಿಳ್ಳಣ್ಣ ಆಗಲೇ ಎಲ್ಲವನ್ನೂ ಹಳಿಗೆ ತಂದಿದ್ದ. ಸೂತಕ ಕಳೆದಿದೆ, ನಿಶ್ಚಿತಾರ್ಥದ ಹೊತ್ತಿಗೆ ಹುಡುಗ ಫೋಟೋದಲ್ಲಿದ್ದ ಹಾಗೇ ಆಗಿರುತ್ತಾನೆ, ಅದಕ್ಕೆ ತಾನು ಜವಾಬ್ದಾರಿ ಎಂದು ಮಾತು ಕೊಟ್ಟಿದ್ದ. ಸರಳಾ ಮತ್ತೆ ನಗುತ್ತಿದ್ದರು. ದೊಡ್ಡಮುನಿಯಮ್ಮ ಸಮಾಧಾನವಾಗಿ ಎರಡನೆಯ ಕಾಫಿ ಕುಡಿಯುತ್ತಿದ್ದಳು. ಗೋಕುಲ ಸುಮ್ಮನೆ ಕೂತರೆ ಸಾಕಿತ್ತು. ಇಷ್ಟು ವರ್ಷ ಕಾದ ಮಾತು ಅವತ್ತೇ ಆಗಿಹೋಗುತ್ತಿತ್ತು. ತಾಯಿಯ ಮುಖವನ್ನೊಮ್ಮೆ ನೋಡಿದ. ಆದರೂ ಕೂರಲಿಲ್ಲ.

"ನಾನು ಬಣ್ಣ ಹಾಕಲ್ಲ ಪಿಳ್ಳಣ್ಣ," ಎಂದ. "ಆ ಫೋಟೋ ಸುಳ್ಳು. ನಾನಿರೋದು ಹಿಂಗೇ."

ದೊಡ್ಡಮುನಿಯಮ್ಮನ ಲೋಟ ತುಟಿಯ ಹತ್ತಿರವೇ ನಿಂತಿತು. ಪಿಳ್ಳಣ್ಣ ಹಣೆ ಒತ್ತಿಕೊಂಡ. ಸರಳಾ ಸೆರಗು ಸರಿಮಾಡಿಕೊಂಡು, ಯೋಚನೆ ಮಾಡಿ ತಿಳಿಸ್ತೀವಿ ಎಂದರು. ಗೋಕುಲನಿಗೆ ಆ ಮಾತಿನ ಅರ್ಥ ಬಾಯಿಪಾಠ. ಇದುವರೆಗೆ ಯೋಚನೆ ಮಾಡುತ್ತೇವೆ ಎಂದವರಲ್ಲಿ ಒಬ್ಬರೂ ತಿಳಿಸಿದ್ದಿಲ್ಲ. ಹೇಳಬೇಕಾದ್ದನ್ನು ಹೇಳಿಯಾಯಿತು, ಆದರೂ ಎದೆ ಹಗುರವಾಗಲಿಲ್ಲ. ಬೇಕೆನಿಸಿದ ಒಂದೇ ಒಂದು ಹೆಣ್ಣನ್ನು ತಾನೇ ಕೈಯಾರೆ ಕಳೆದುಕೊಂಡೆ ಅನ್ನಿಸಿತು.

ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಪಿಳ್ಳಣ್ಣ ಪಿಸುದನಿಯಲ್ಲೇ ಬೈಗುಳ ಶುರುಮಾಡಿದ. ಇನ್ನು ತನ್ನ ಹೆಸರು ಎತ್ತಬೇಡ, ಬೇರೆ ದಲ್ಲಾಳಿ ನೋಡಿಕೋ ಎಂದ. ಅಷ್ಟರಲ್ಲಿ ಬಾಗಿಲ ಬಳಿ ಸಂಯುಕ್ತಾ ಬಂದು ನಿಂತಳು. ಹಿಂದೆ ಚಿಕ್ಕಮ್ಮ ತೋಳು ಹಿಡಿದು ಎಳೆಯುತ್ತಿದ್ದರೂ ಕದಲಲಿಲ್ಲ.

"ಪಿಳ್ಳಣ್ಣನವ್ರೇ, ಇವರದ್ದು ಇನ್ನೊಂದು ಫೋಟೋ ತೆಗ್ಸಿ ಕಳ್ಸಿ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಈಗ ಹೆಂಗಿದಾರೋ ಹಂಗೆ. ನಂದೂ ಕಳಿಸ್ತೀನಿ, ಈ ಬಣ್ಣ ಹೋದ್ಮೇಲೆ. ನಿಮ್ ಹತ್ರ ಇರೋದು ಐದ್ ವರ್ಷ ಹಳೇದು."

ಗೋಕುಲ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತುಬಿಟ್ಟಿದ್ದ. ಅವಳು ಅವನ ಕಡೆ ತಿರುಗಿ, ಕಿವಿಯ ಕಲೆ ಮುಟ್ಟಿಕೊಂಡು, ಇದು ಯಾವುದರಲ್ಲಿ ಉಜ್ಜಿದರೆ ಹೋಗುತ್ತೆ ಎಂದು ಕೇಳಿದಳು.

"ಕೊಬ್ಬರಿ ಎಣ್ಣೆ," ಎಂದ ಗೋಕುಲ. "ಉಜ್ಜಬೇಡಿ, ಉರಿಯುತ್ತೆ. ಸುಮ್ನೆ ಹಚ್ಚಿ ಬಿಡಿ."