ಮಹಡಿಯ ಫೋಟೋ

ಇಂಟರ್ನೆಟ್ಟನ್ನು ಜನ ಹೆದರದೆ ಬಳಸುವಂತಾಗಬೇಕು, ಅದಕ್ಕೆ ಬೇಕಾದ ನಿಯಮಗಳ ಕರಡು ಬರೆಯಿರಿ ಎಂದು ಒಂದು ಸಂಸ್ಥೆ ನಮ್ಮೈವರಿಗೆ ಒಂದು ವರ್ಷದ ಫೆಲೋಶಿಪ್ ಕೊಟ್ಟಿತ್ತು. ಹಳೇ ಮುದ್ರಣಾಲಯದ ಮಹಡಿ, ಒಂದೇ ಉದ್ದನೆಯ ಮೇಜು, ಕಾಲು ಅಲುಗಾಡುವ ಕುರ್ಚಿಗಳು, ಕೆಳಗಿನಿಂದ ಬರುವ ಶಾಯಿಯ ವಾಸನೆ. ಈಗಿನ ನನ್ನ ಗಾಜಿನ ಕೋಣೆ ಅದರ ಮುಂದೆ ಏನೇನೂ ಅಲ್ಲ.

ಊರಿಗೆಲ್ಲ ಹೇಳುವ ನಿಯಮವನ್ನು ಮೊದಲು ನಮ್ಮ ಮೇಲೇ ಪ್ರಯೋಗಿಸಬೇಕೆಂಬುದು ಅಲ್ಲಿನ ಪದ್ಧತಿ. ಒಪ್ಪಿಗೆಯಿಲ್ಲದೆ ಯಾರಿಂದಲೂ ಮಾಹಿತಿ ಕೇಳಬಾರದೆಂಬ ನಿಯಮ ಬರೆದ ವಾರ, 'ಊಟ ಆಯ್ತಾ' ಎಂದು ಕೇಳುವುದಕ್ಕೂ ಅಪ್ಪಣೆ ಬೇಡಿ ನಕ್ಕಿದ್ದೆವು.

ನಮ್ಮೈವರಲ್ಲೊಬ್ಬಳಾದ ಲಾಯರಮ್ಮ ಬರೆದ ನಿಯಮ ಮಾತ್ರ ನಗುವಂಥದ್ದಲ್ಲ: ಕೆಲಸ ಮುಗಿದ ಮೇಲೆ ಯಾರ ಮಾಹಿತಿಯನ್ನೂ ಇಟ್ಟುಕೊಳ್ಳುವಂತಿಲ್ಲ. ಕೊನೆಯ ದಿನ ಅವಳು ಎದುರಿಗೇ ನಿಂತು ನಮ್ಮ ಹರಟೆ, ಜಗಳ, ಫೋಟೋ ಎಲ್ಲವನ್ನೂ ಎಲ್ಲರ ಫೋನಿನಿಂದಲೂ ಅಳಿಸಿಸಿದಳು.

"ಕಳ್ಳಾಟ ಆಡ್ಬೇಡ," ಎಂದು ನನಗೆ ಬೇರೆಯಾಗಿ ಹೇಳಿದಳು. ನಾನು ಆಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಮೊನ್ನೆ ಅವಳ ಫೋನ್ ಬಂತು. ಕೂದಲು ಪೂರ್ತಿ ನೆರೆತಿದೆಯಂತೆ.

"ಆ ಮಹಡೀದು ಒಂದು ಫೋಟೋ ಇದ್ರೆ ಕಳಿಸೋ. ನೋಡ್ಬೇಕು ಅನ್ನಿಸ್ತಿದೆ."

ನನಗೆ ಮೈಯೆಲ್ಲ ಉರಿಯಿತು. "ತಲೆ ಮೇಲೆ ಕೂತು ಅಳಿಸಿಸಿದೋಳು ನೀನೇ ಅಲ್ವೇನೇ? ಈಗ ಎಲ್ಲಿಂದ ತರ್ಲಿ?"



"ಉಳಿದೋರೆಲ್ಲ ಅಳಿಸ್ತಾರೆ ಅಂತ ಗೊತ್ತಿತ್ತು ಕಣೋ. ನೀನೊಬ್ಬ ಕದ್ದು ಒಂದನ್ನಾದ್ರೂ ಇಟ್ಕೊಂಡಿರ್ತೀಯ ಅಂದ್ಕೊಂಡಿದ್ದೆ."