ನಿದ್ದೆ ಕಾಯುವ ಮನೆ

"ಓರೆ ಮಾಡ್ರಪ್ಪಾ, ಇನ್ನೂ ಸ್ವಲ್ಪ... ಹಾಂ, ಈಗ ಈಚೆ ತನ್ನಿ," ಎಂದು ಚಿಕ್ಕಪ್ಪ ಹೇಳುತ್ತಿದ್ದಂತೆಯೇ ಮಂಚದ ಕಾಲು ಬಾಗಿಲ ಚೌಕಟ್ಟಿಗೆ ದಡ್ ಎಂದು ಬಡಿಯಿತು.

ಅಂಗಳದಲ್ಲಿದ್ದ ಅಮ್ಮ, ಮಗಳು, ಚಿಕ್ಕಮ್ಮ ಮೂವರೂ ಒಟ್ಟಿಗೆ ಬೆಚ್ಚಿ, ಮಂಚದ ಮೇಲಿದ್ದ ಅಪ್ಪನ ಮುಖ ನೋಡಿದರು. ಎಚ್ಚರವಾಗಿಬಿಟ್ಟಿತೇ ಎನ್ನುವ ಹಾಗೆ.

ಚಿಕ್ಕಪ್ಪನಿಗೆ ಅಳುವಿನ ನಡುವೆಯೇ ನಗು ಬಂತು. "ಅತ್ತಿಗೆ, ಇವತ್ತಾದ್ರೂ ಬಾಯಿ ಬಿಟ್ಟು ಅಳಿ. ಅಣ್ಣ ಇನ್ನು ಏಳಲ್ಲ."

ಅಮ್ಮ ಸೆರಗನ್ನು ಬಾಯಿಯಿಂದ ತೆಗೆಯಲಿಲ್ಲ. ಅಷ್ಟು ವರ್ಷದ ಅಭ್ಯಾಸ.

ಹಾಲು ಹಾಕಿಸಿಕೊಳ್ಳುತ್ತಿದ್ದ ಮನೆಗಳವರೆಲ್ಲ ಬೇಲಿಯ ಉದ್ದಕ್ಕೂ ನಿಂತಿದ್ದರು. ಅವರಿಗೆ ಅಪ್ಪ ಸೈಕಲಣ್ಣ.

"ನಮ್ಮನೆ ಹುಂಜಕ್ಕೆ ಕೂಗೋದು ಕಲಿಸಿದ್ದೇ ಇವನ ಸೈಕಲ್ ಬೆಲ್ಲು," ಎಂದ ಕ್ಷೌರದಂಗಡಿಯವನು. "ಬೇಸಿಗೆ ಬಂತು ಅಂದ್ರೆ ಹಾಲು ಒಂಚೂರು ತೆಳ್ಳಗಾಗೋದು. ಯಾಕಣ್ಣ ಅಂದ್ರೆ, ಹಸುಗೂ ಬಾಯಾರಿಕೆ ಆಗುತ್ತಲ್ಲಪ್ಪ ಅನ್ನೋನು."

ಕೆಲವರು ನಕ್ಕರು, ನಕ್ಕವರೇ ಕಣ್ಣೊರೆಸಿಕೊಂಡರು.

"ತನಗೆ ಹಿಂಗಾಗ್ತಿದೆ ಅಂತ ಮಾತ್ರ ಒಬ್ಬರ ಹತ್ರಾನೂ ಹೇಳಿದವನಲ್ಲ ನೋಡಿ," ಎಂದರು ಬೇಲಿಯ ಹತ್ತಿರ ಇನ್ಯಾರೋ.

"ಹೇಳ್ತಾರಾ!" ಅಮ್ಮನ ದನಿ ಸೆರಗಿನೊಳಗಿಂದಲೇ ಬಂತು. "ಕಲ್ಲಿನ ಜೊತೆ ಸಂಸಾರ ಮಾಡ್ದೆ ನಾನು. ನಂಗೊಂದು ಮಾತು ಹೇಳೋಕಾಗದಷ್ಟು ದೂರದೋಳಾ ನಾನು?"

ಕ್ಲಿನಿಕ್ಕಿನ ಕಾಂಪೌಂಡರ್ ಮಾತ್ರ ಕೊಟ್ಟಿಗೆಯ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಮಗಳು ಅವನತ್ತ ತಿರುಗಿದಾಗಲೆಲ್ಲ ಅವನು ಮುಖ ಆ ಕಡೆಗೆ ಹೊರಳಿಸುತ್ತಿದ್ದ.

*

ಅಪ್ಪ ಬೆಳಗಿನ ಜಾವಕ್ಕೂ ಮುಂಚೆ ಎದ್ದು, ಸಗಣಿ ಬಾಚಿ, ಹಾಲು ಕರೆದು, ಕ್ಯಾನುಗಳನ್ನು ಸೈಕಲ್ಲಿಗೆ ತೂಗುಹಾಕಿ ಹೊರಟರೆ, ಬರುವಾಗ ಹುಲ್ಲಿನ ಹೊರೆಯ ಕೆಳಗೆ ಸೈಕಲ್ಲೇ ಕಾಣುತ್ತಿರಲಿಲ್ಲ. ಮಧ್ಯಾಹ್ನ ಉಂಡು ಒಂದು ನಿದ್ದೆ. ಸಂಜೆ ಹಸುಗಳು ಕೂಗಿದರೆ ಮತ್ತೆ ಏಳುವುದು. ಹಗಲಿನಲ್ಲಿ ಅವನದು ಅಂತ ಇದ್ದದ್ದು ಆ ನಿದ್ದೆ ಒಂದೇ.

ಅದನ್ನು ಮನೆಯೆಲ್ಲ ಸೇರಿ ಕಾಯುತ್ತಿತ್ತು. ಬಕೆಟ್ಟುಗಳ ಹಿಡಿಗೆ ಅಮ್ಮ ಹಳೇ ಬಟ್ಟೆ ಸುತ್ತಿದ್ದಳು. ಬಾಗಿಲ ತಿರುಗಣೆಗೆ ಆಗಾಗ ಎಣ್ಣೆ ಬೀಳುತ್ತಿತ್ತು. ಅಜ್ಜಿ ಇದ್ದಾಗ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿವಿಯಲ್ಲಿ ಹೇಳುತ್ತಿದ್ದಳು: "ನಿಮ್ಮಪ್ಪನ ನಿದ್ದೆ ಒಂದು ಪುಟ್ಟ ಹಕ್ಕಿ ಕಣೇ. ದಿನಾ ಬಂದು ಅವನ ಎದೆ ಮೇಲೆ ಕೂರುತ್ತೆ. ಪಾತ್ರೆ ಸದ್ದಾದ್ರೆ ಪುರ್ರಂತ ಹಾರೋಯ್ತದೆ, ಆಮೇಲೆ ಎಷ್ಟು ಕರೆದ್ರೂ ಬರಲ್ಲ." ಹುಡುಗಿ ಬಾಗಿಲ ಸಂದಿಯಿಂದ ಇಣುಕಿ ನೋಡುತ್ತಿದ್ದಳು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಹಕ್ಕಿ ಇದೆ ಎಂದು ನಂಬಿಕೆಯಾಗುತ್ತಿತ್ತು.

ಹಾಗೆ ಆ ಮನೆಯಲ್ಲಿ ಮಧ್ಯಾಹ್ನಕ್ಕೆ ಬೇರೆಯದೇ ಭಾಷೆ ಹುಟ್ಟಿತು. ಕೆನ್ನೆಗೆ ಅಂಗೈ ಇಟ್ಟರೆ ಅಪ್ಪ ಮಲಗಿದ್ದಾರೆ. ತುಟಿಯ ಮೇಲೆ ಬೆರಳಿಟ್ಟರೆ ಆಮೇಲೆ ಬನ್ನಿ. ಬಂದು ಹೋಗುವವರೂ ಅದನ್ನು ಕಲಿತರು. ಕಾಯಿಲೆ ಬಿದ್ದವರ ಹತ್ತಿರವೂ ಗಂಟಲು ಹರಿಯುವಂತೆ ಮಾತಾಡುವ ಕಾಂಪೌಂಡರ್ ಕೂಡ.

*

ನಿನ್ನೆ ಮಧ್ಯಾಹ್ನ ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಗಳು ಹೊಲಿಗೆ ಮಷೀನು ನಿಲ್ಲಿಸಿ, ರವಿಕೆಗೆ ಕೈಯಲ್ಲೇ ಗುಂಡಿ ಹಚ್ಚುತ್ತ ಜಗಲಿಯಲ್ಲಿ ಕೂತಿದ್ದಳು. ಒಳಗೆ ಅಪ್ಪ ಒಮ್ಮೆ ನರಳಿದ ಹಾಗಾಯಿತು. ಕನಸು ಬಿದ್ದಿರಬೇಕು ಎಂದುಕೊಂಡು, ಬೆಳಕು ಕಣ್ಣಿಗೆ ಹೊಡೆಯದಿರಲೆಂದು ಕಿಟಕಿಯ ಪರದೆ ಎಳೆದು ಬಂದಳು. ಅಪ್ಪ ಗೋಡೆಯ ಕಡೆ ತಿರುಗಿದ್ದ.

ಸ್ವಲ್ಪ ಹೊತ್ತಿಗೆ ಗೇಟಿನ ಹತ್ತಿರ ಕಾಂಪೌಂಡರ್ ಬಂದ. ಬಗಲಲ್ಲಿ ಅವನ ಕಪ್ಪು ಚೀಲ. ಬಾಯಿ ತೆರೆಯುವುದಕ್ಕೆ ಮುಂಚೆ ಅವಳು ಅಂಗೈಯನ್ನು ಕೆನ್ನೆಗಿಟ್ಟಳು. ಅವನು ತಲೆಯಾಡಿಸಿ, ಒಳಗೊಮ್ಮೆ ನೋಡಿ, ಏನೋ ಹೇಳಲು ಬೆರಳೆತ್ತಿದ. ಅವಳು ತುಟಿಯ ಮೇಲೆ ಬೆರಳಿಟ್ಟಳು. ಅವನೂ ತನ್ನ ತುಟಿಯ ಮೇಲೆ ಬೆರಳಿಟ್ಟುಕೊಂಡು, ನಕ್ಕು, ಗೇಟಿನ ಕೊಂಡಿಯನ್ನು ಸದ್ದಾಗದಂತೆ ಸಿಕ್ಕಿಸಿ ಹೋದ.

ಸಂಜೆ ಹಸುಗಳು ಕೂಗಿದವು. ಮತ್ತೆ ಕೂಗಿದವು.

*

ಮೇವಿನ ಹೊಲದ ಮೂಲೆಯಲ್ಲಿ ಮಣ್ಣು ಮುಚ್ಚಿ ಬಂದವರು ತೊಟ್ಟಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದರು. ಎಲ್ಲರೂ ಆ ಕಡೆ ಹೋಗುವವರೆಗೆ ಕಾದು, ಕಾಂಪೌಂಡರ್ ಮಗಳ ಪಕ್ಕದಲ್ಲಿ ಬಂದು ನಿಂತ.

"ಪುಟ್ಟಿ, ನಿನ್ನೆ ನಾನು ಸುಮ್ನೆ ಬಂದಿರಲಿಲ್ಲ ಕಣಮ್ಮ."

ಅವಳ ಚೊಂಬಿನ ನೀರು ಕಾಲ ಮೇಲೆ ಸುರಿಯಿತು.

"ಬೆಳಿಗ್ಗೆ ಹಾಲು ಹಾಕುವಾಗ ನಿಮ್ಮಪ್ಪ ಹೇಳಿದ್ದ. ಎದೆ ಹಿಡಿದ ಹಾಗಾಗುತ್ತೆ, ಮಧ್ಯಾಹ್ನ ಕ್ಲಿನಿಕ್ ಬಾಗಿಲು ಹಾಕಿದ ಮೇಲೆ ಮನೆ ಕಡೆ ಬಂದು ಒಂದ್ಸಲ ನೋಡ್ತೀಯಾ ಅಂತ. ಈಗ್ಲೇ ಕೂತ್ಕೋ, ಡಾಕ್ಟ್ರು ಬರ್ತಾರೆ ಅಂದೆ. ಹಾಲು ಒಡೆದು ಹೋಗುತ್ತೆ ಅಂತ ಹೊರಟ." ಅವನು ಮೂಗೊರೆಸಿಕೊಂಡ. "ಮಲಗಿದ್ದಾನೆ ಅಂದ್ಯಲ್ಲ, ಹಾಗಾದ್ರೆ ಕಡಿಮೆ ಆಗಿರ್ಬೇಕು ಅನ್ಕೊಂಡೆ. ಒಂದು ಮಾತು ಜೋರಾಗಿ ಆಡಿದ್ರೆ ನನ್ನ ಗಂಟೇನು ಹೋಗ್ತಿತ್ತು?"

"ಮಾಮ, ನಾನು ನಿಮ್ಮನ್ನ ಒಳಗೇ ಬಿಡಲಿಲ್ಲ."

"ನೀನೇನು ಮಾಡ್ತೀಯಾ ತಾಯಿ. ಬಿಡು. ನಿಮ್ಮಮ್ಮಂಗೆ ಇದೆಲ್ಲ ಬೇಡ. ನಿದ್ದೇಲೇ ಹೋದ್ರು ಅಂತ ಒಂದು ಸಮಾಧಾನ ಇದೆ ಅವಳಿಗೆ, ಅದಿರ್ಲಿ. ನಾನಂತೂ ಬಾಯಿ ಬಿಡಲ್ಲ."

ಅವನು ತಲೆ ತಗ್ಗಿಸಿ ಹೊರಟುಹೋದ. ಅವಳು ತೊಟ್ಟಿಯ ಕಟ್ಟೆ ಹಿಡಿದು ನಿಂತಳು. ಮನಸ್ಸು ಆ ಮಾತಿಗೇ ಜೋತುಬಿತ್ತು. ಅಮ್ಮನಿಗೆ ಯಾಕೆ ನೋವು ಕೊಡಬೇಕು? ಯಾರಿಗೂ ಗೊತ್ತಿಲ್ಲ. ಹಾಗೆಯೇ ಇದ್ದುಬಿಡಬಹುದು.

ಜಗಲಿಯಲ್ಲಿ ಮಾತು ಸಾಗಿತ್ತು.

"ಹಠಮಾರಿ. ಬಾಯಿ ಬಿಟ್ಟು ಹೇಳಿದ್ರೆ ತಾನೆ ಯಾರಿಗಾದ್ರೂ ಗೊತ್ತಾಗೋದು?"

"ಹೆಂಡತಿಗೂ ಹೇಳಲಿಲ್ಲ ಅಂದ್ರೆ! ಎಷ್ಟು ಗಟ್ಟಿ ಮನಸ್ಸು ನೋಡಿ."

"ತನ್ನ ಸಾವನ್ನ ತಾನೇ ತಂದ್ಕೊಂಡ ಬಿಡಿ, ಪಾಪ."

ಅಪ್ಪ ತನಗಾಗಿ ಯಾರನ್ನೂ ಏನನ್ನೂ ಕೇಳಿದ್ದು ಅವಳಿಗೆ ನೆನಪಿರಲಿಲ್ಲ. ಕೊನೆಗೊಂದು ದಿನ ಕೇಳಿದ್ದ. ಬಾ, ನನ್ನನ್ನು ನೋಡು ಎಂದಿದ್ದ. ಅದನ್ನು ಅವಳು ಗೇಟಿನಿಂದಲೇ ವಾಪಸು ಕಳಿಸಿದ್ದಳು. ಈಗ ಕೇಳಲೇ ಇಲ್ಲ ಎಂಬ ತಪ್ಪನ್ನೂ ಅವನ ತಲೆಗೇ ಕಟ್ಟುತ್ತಿದ್ದರು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಅಮ್ಮನೂ ಬದುಕಿರುವಷ್ಟು ದಿನ ಕಟ್ಟುತ್ತಲೇ ಇರುತ್ತಾಳೆ.

ಒದ್ದೆ ಕಾಲಲ್ಲೇ ಒಳಗೆ ಹೋದಳು. ಕೋಣೆಯ ಬಾಗಿಲಲ್ಲಿ ಚಿಕ್ಕಮ್ಮ ಅಡ್ಡ ಕೂತಿದ್ದಳು. ಅವಳ ಹಿಂದೆ, ಮಂಚ ಹೋಗಿ ಬರಿದಾದ ಜಾಗದಲ್ಲಿ ಚಾಪೆ ಹಾಸಿಕೊಂಡು ಅಮ್ಮ ಮಲಗಿದ್ದಳು.

ಚಿಕ್ಕಮ್ಮ ಅಂಗೈಯನ್ನು ಕೆನ್ನೆಗಿಟ್ಟಳು.

ಮಗಳು ನಿಂತಲ್ಲೇ ನಿಂತಳು. ಅಮ್ಮ ಗೋಡೆಯ ಕಡೆ ತಿರುಗಿದ್ದಳು. ಬೆನ್ನು ಏರುತ್ತಿದೆಯೋ ಇಲ್ಲವೋ ಇಲ್ಲಿಂದ ಕಾಣಿಸುತ್ತಿರಲಿಲ್ಲ.

ಚಿಕ್ಕಮ್ಮನ ಬೆರಳು ತುಟಿಯ ಮೇಲೆ ಹೋಯಿತು.

"ಅಮ್ಮಾ!"

ಜಗಲಿಯ ಮಾತು ಥಟ್ಟನೆ ನಿಂತಿತು. ಕೊಟ್ಟಿಗೆಯಲ್ಲಿ ಹಸುವೊಂದು ಗಂಟೆ ಅಲ್ಲಾಡಿಸಿತು. "ಏಯ್, ನಿಂಗೇನು ತಲೆ ಕೆಟ್ಟಿದೆಯೇನೇ? ಈಗ ತಾನೆ ಕಣ್ಣು ಮುಚ್ಚಿದಾಳೆ," ಎಂದು ಚಿಕ್ಕಮ್ಮ ಅವಳ ಕೈ ಹಿಡಿದಳು. ಅವಳು ಕೊಡವಿಕೊಂಡು, ದಾಟಿ ಹೋಗಿ, ಚಾಪೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಗಳಿಂದ ಆ ಭುಜವನ್ನು ಅಲುಗಿಸತೊಡಗಿದಳು.

"ಅಮ್ಮಾ, ಏಳಮ್ಮಾ. ಏಳು. ಅಪ್ಪ ಹೇಳಿದ್ರಂತೆ ಕಣಮ್ಮಾ."

ಭುಜ ಬೆಚ್ಚಗಿತ್ತು. ಅಮ್ಮ ಕಣ್ಣು ಬಿಡದೆಯೇ ಅವಳ ಕೈಯನ್ನು ಹುಡುಕಿ ಹಿಡಿದಳು.