ಏಳದೇ ಉಳಿದ ಹೊಗ್ಲಾ

ಹೊಗ್ಲಾಳ ಮುಷ್ಟಿ ಬಿಡಿಸಿ, ಅಂಗೈಗೆ ಮೆತ್ತಿದ್ದ ಮಣ್ಣನ್ನು ಮಗಳು ಇಸ್ಕಾ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಬೆಳಿಗ್ಗೆ ಬಲಿಪೀಠದ ಮುಂದೆ ಎರಡು ಕುಲಗಳ ಜನ ಒಟ್ಟಿಗೆ ಅಡ್ಡಬಿದ್ದಿದ್ದರು. ಪ್ರಾರ್ಥನೆ ಮುಗಿದು ಎಲ್ಲರೂ ಎದ್ದರು, ಅವ್ವ ಏಳಲಿಲ್ಲ. ಇನ್ನೂ ಬೇಡಿಕೊಳ್ಳುತ್ತಿದ್ದಾಳೆ ಎಂದುಕೊಂಡು ಇಸ್ಕಾ ಪಕ್ಕದಲ್ಲೇ ಸುಮ್ಮನೆ ಕಾದಿದ್ದಳು. ಮುಟ್ಟಿ ನೋಡಿದಾಗ ಮೈ ತಣ್ಣಗಾಗಿತ್ತು.

ಹೊರಗೆ ನಫ್ತಾಲಿ ಕುಲದ ಹಿರಿಯರು ದನಿ ತಗ್ಗಿಸಿ ಮಾತಾಡುತ್ತಿದ್ದರು. ಹತ್ತೊಂಬತ್ತು ವರ್ಷಗಳ ಮೇಲೆ ಆಶೇರ ಕುಲದವರ ಜೊತೆ ಪ್ರಾರ್ಥನೆಗೆ ನಿಂತ ಮೊದಲ ದಿನವೇ ಹೀಗಾಯಿತಲ್ಲ, ಇದು ಯೆಹೋವನ ಸಿಟ್ಟೇ ಸರಿ ಎಂದರು. ದೊಡ್ಡಪ್ಪ ಶಿಲ್ಲೇಮ ಒಳಗೆ ಬಂದ.

"ನಾಳೆಯಿಂದ ಅವರ ಗುಡ್ಡ ಅವರಿಗೆ, ನಮ್ಮ ಗುಡ್ಡ ನಮಗೆ ಕಣವ್ವ. ಇವತ್ತು ನೋಡಿದ್ದೇ ಸಾಕು."

ಇಸ್ಕಾ ಬಟ್ಟೆ ಹಿಂಡಿ ಅವ್ವನ ಇನ್ನೊಂದು ಅಂಗೈ ಒರೆಸತೊಡಗಿದಳು. ಅವಳಿಗೆ ಅಳು ಇನ್ನೂ ಬಂದಿರಲಿಲ್ಲ.

* * *

ಹತ್ತೊಂಬತ್ತು ವರ್ಷಗಳ ಹಿಂದೆ ಬಾವಿಯ ಜಗಳದಲ್ಲಿ ಇಸ್ಕಾಳ ಅಪ್ಪನನ್ನು ಕೊಂದವನು ಆಶೇರರ ಮಲ್ಕೀಯೇಲ. ಅಂದಿನಿಂದ ಎರಡು ಕುಲಗಳೂ ಒಂದೇ ದೇವರನ್ನು ಬೇರೆ ಬೇರೆ ಗುಡ್ಡದ ಮೇಲಿಂದ ಕೂಗುತ್ತಿದ್ದವು. ಹೊಗ್ಲಾ ಕುರಿ ಕಾದಳು, ಉಣ್ಣೆ ನೂತಳು, ಮಗಳನ್ನು ಬೆಳೆಸಿದಳು. ಕಳೆದ ತಿಂಗಳು ಒಂಟೆಯೇರಿ ಬಂದ ಮಿದ್ಯಾನರು ಎರಡೂ ಕಡೆಯ ಕಣಗಳನ್ನು ದೋಚಿದ ಮೇಲೆ, ಯಾರಿಗೂ ಹೇಳದೆ ಮಲ್ಕೀಯೇಲನ ಡೇರೆಗೆ ನಡೆದಳು. ಇಸ್ಕಾ ಹಿಂದೆಯೇ ಓಡಿದಳು.

"ನಿನ್ನ ಕ್ಷಮಿಸೋಕೆ ಬಂದಿಲ್ಲ. ಅದು ನನ್ ಕೈಲಿ ಆಗಲ್ಲ," ಎಂದಳು ಹೊಗ್ಲಾ. "ಆ ಕಡೆಯಿಂದ ನೀವು ಕೂಗ್ತೀರಿ, ಈ ಕಡೆಯಿಂದ ನಾವು. ದೇವರಾದ್ರೂ ಎಷ್ಟು ಸಲ ಕತ್ತು ತಿರುಗಿಸ್ಬೇಕು? ಒಂದೇ ಕಡೆ ನಿಂತು ಮಿದ್ಯಾನರಿಂದ ರಕ್ಷಣೆ ಕೇಳೋಣ. ಕೊಡ್ತಾನೆ."

ಮಲ್ಕೀಯೇಲ ಒಪ್ಪಿ ತಲೆಯಾಡಿಸಿದ.

* * *

ಚಟ್ಟ ಎತ್ತುವ ಹೊತ್ತಿಗೆ ಮಲ್ಕೀಯೇಲ ಒಬ್ಬನೇ, ಬರಿಗೈಯಲ್ಲಿ ಬಂದ. ಶಿಲ್ಲೇಮ ಅಡ್ಡ ನಿಂತ.

"ದಾರಿ ಬಿಡು ದೊಡ್ಡಪ್ಪ. ಇವನನ್ನ ಕರೆದದ್ದು ಅವ್ವ," ಎಂದಳು ಇಸ್ಕಾ. ದನಿ ತನ್ನದೇ ಎಂದು ಅವಳಿಗೆ ಅನಿಸಲಿಲ್ಲ. "ಅವಳು ದೇವರ ಸಿಟ್ಟಿಗೆ ಸಾಯ್ಲಿಲ್ಲ. ಕೇಳ್ತಾ ಕೇಳ್ತಾ ಸತ್ಲು. ನಾಳೆನೂ ನಾನು ಅಲ್ಲೇ ನಿಲ್ತೀನಿ. ನೀನು ಬಂದ್ರೆ ಬಾ."

ಶಿಲ್ಲೇಮ ಪಕ್ಕಕ್ಕೆ ಸರಿದ.

ಗಂಡುಮಕ್ಕಳಿಲ್ಲದ ಹೊಗ್ಲಾಳಿಗೆ ಮುಂದಿನ ಹೆಗಲು ಕೊಟ್ಟವಳು ಇಸ್ಕಾ. ಇನ್ನೊಂದು ಬದಿಗೆ ಮಲ್ಕೀಯೇಲ. ಅವನು ಎತ್ತರದ ಆಳು; ಚಟ್ಟ ಅವಳತ್ತ ವಾಲಿತು. ಅವನು ಮಂಡಿ ಬಗ್ಗಿಸಿದ. ಚಟ್ಟ ಸಮಕ್ಕೆ ಬಂತು. ಸಮಾಧಿಯ ಗವಿಯವರೆಗಿನ ಏರನ್ನು ಆ ಮುದುಕ ಮಂಡಿ ಬಗ್ಗಿಸಿಕೊಂಡೇ ಹತ್ತಿದ.